ವೀಳ್ಯದೆಲೆಗೆ ಮರುಳಾದ ಮೂಗು

ನನ್ನ ಅಕ್ಕಾ,

ನಮ್ಮವರ ಯಾವ ಮದುವೆಗೂ ತುಪ್ಪದ ಡಬ್ಬಿಯನ್ನು ಮೊದಲು ನಿನ್ನ ಮುಂದೆ ತೆರೆಯುತ್ತಿದ್ದದ್ದು ನೆನಪಿದೆಯೇ? ಅಂಗೈಗೆ ಒಂದು ಹನಿ ಉಜ್ಜಿ, ಮೂಸಿ, ನೀನು ತಲೆಯಾಡಿಸಿದರೆ ಮಾತ್ರ ಹೋಳಿಗೆಗೆ ತುಪ್ಪ. ಈಗ ನಿನ್ನ ಮಗಳು ಸುಧಾಳ ಮದುವೆ ನ್ಯಾಮತಿಯಲ್ಲಿ ಗೊತ್ತಾಗಿದೆ. "ತುಪ್ಪ ನೋಡೋರು ಯಾರು?" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು. "ಸೋದರಮಾವ ನಾನಿಲ್ವೇನು? ಅಕ್ಕನ ಮೂಗು ನನ್ನ ಮುಖದ ಮ್ಯಾಲೇ ಐತೆ" ಎಂದೆ.

ಬೆಣ್ಣೆ ಕಾಯಿಸುವಾಗ ಕೊನೆಗೆ ನೀನೊಂದು ವೀಳ್ಯದೆಲೆ ಹಾಕುತ್ತಿದ್ದೆ. ಅದು ಚಟಪಟ ಎನ್ನುವಷ್ಟರಲ್ಲಿ ನಾನು ಒಲೆಯ ಬಳಿ ಹಾಜರು. ಸಂತೆಯಲ್ಲಿ ಒಬ್ಬ ವ್ಯಾಪಾರಿ ಡಬ್ಬಿ ತೆರೆದಾಗ ಅದೇ ಪರಿಮಳ. "ಅಪ್ಪಟ" ಎಂದು ತೀರ್ಪು ಕೊಟ್ಟು ಡಬ್ಬಿ ಹೊತ್ತು ತಂದೆ. ದಾರಿಯುದ್ದಕ್ಕೂ ಕೊಚ್ಚಿಕೊಂಡೂ ಬಂದೆ.

ಸುಧಾ ಅದನ್ನು ಒಂದು ಹನಿ ನೆಕ್ಕಿ ನೋಡಿದಳು. ಸಣ್ಣ ಸೀಸೆಗೆ ತುಂಬಿ, ತಾನು ಕೆಲಸ ಮಾಡುವ ದಾವಣಗೆರೆಯ ಲ್ಯಾಬಿಗೆ ಒಯ್ದಳು, ಜೊತೆಗೆ ನನ್ನನ್ನೂ. ಅಲ್ಲಿಯ ಪರೀಕ್ಷೆಯ ಹೆಸರು ಲಿಕ್ವಿಡ್ ಕ್ರೊಮ್ಯಾಟೋಗ್ರಫಿ. ಹಳ್ಳಿ ಶಾಲೆಯಲ್ಲಿ ಕಲಿತ ನನ್ನ ನಾಲಿಗೆ ಆ ಹೆಸರನ್ನು ಒಂದೇ ಏಟಿಗೆ ಹೇಳಿತು ನೋಡು. ತುಪ್ಪವನ್ನು ದ್ರಾವಣದಲ್ಲಿ ಕರಗಿಸಿ ಸಪೂರ ಕೊಳವೆಯೊಳಗೆ ಒತ್ತುತ್ತಾರೆ. ಒಂದೊಂದು ಬಗೆಯ ಕೊಬ್ಬು ಒಂದೊಂದು ಹೊತ್ತಿಗೆ ಹೊರಬಂದು ಪರದೆಯ ಮೇಲೆ ಗುಡ್ಡವಾಗಿ ಏಳುತ್ತದೆ. ಗುಡ್ಡ ಅಳೆದರೆ ಕೊಬ್ಬು ಅಳೆದಂತೆ.

"ಮಾವ, ಈ ಗುಡ್ಡ ತುಪ್ಪದಾಗೆ ಇರಾಕೆ ಬರಲ್ಲ. ಇದು ತಾಳೆಎಣ್ಣೆ. ಅರ್ಧಕ್ಕರ್ಧ ಐತೆ."

"ನಿನ್ನ ಮಿಷಿನ್‌ಗೆ ನೆಗಡಿ ಆಗೈತೆ. ನಾನೇ ಮೂಸಿ ನೋಡೀನಿ."

"ನೀ ಮೂಸಿದ್ದು ವೀಳ್ಯದೆಲೆ. ಎಣ್ಣೆಗೆ ಹಾಕಿ ಕಾಯ್ಸಿದ್ರೂ ಅದೇ ವಾಸ್ನೆ ಬರ್ತೈತೆ."

ಅಕ್ಕಾ, ಹಾಗಾದರೆ ಇಷ್ಟು ವರ್ಷ ನನ್ನ ಮೂಗು ಬಲ್ಲದ್ದು ನಿನ್ನ ಎಲೆಯನ್ನು ಮಾತ್ರವೇ? ನೀನು ಅಂಗೈಯಲ್ಲಿ ಉಜ್ಜಿ ಹುಡುಕುತ್ತಿದ್ದದ್ದು ಏನು? ಕೇಳಿಡಬಹುದಿತ್ತು. ಆದರೆ ನೀನು ಇಷ್ಟು ಬೇಗ...

ನಿನ್ನ ಎಮ್ಮೆ ನನ್ನನ್ನು ಒದ್ದಾಗಲೆಲ್ಲ ನೀನು ನಗುತ್ತಿದ್ದೆ. ಈಗ ಅದರ ಹಾಲು ಕರೆಯುವವನು ನಾನೇ, ಈಗಲೂ ಒದೆಯುತ್ತದೆ. ಡಬ್ಬಿಯನ್ನು ವ್ಯಾಪಾರಿಯ ಮುಂದೆ ವಾಪಸು ಇಟ್ಟು ಬಂದು, ಮನೆಯ ಬೆಣ್ಣೆ ಕೂಡಿಟ್ಟು, ಎಲೆ ಹಾಕದೆ ಕಾಯಿಸಿ ಸುಧಾಳಿಗೆ ಸೀಸೆ ಕಳಿಸಿದೆ. ನಿನ್ನೆ ಫೋನ್ ಮಾಡಿದಳು.

"ಮಾವ, ಹೊರಗಿನ ಗುಡ್ಡ ಒಂದೂ ಇಲ್ಲ. ಅಮ್ಮ ತಲೆಯಾಡ್ಸಿದಂಗಾತು."

ಫೋನಿನಲ್ಲೇ ಅತ್ತಳು. ನಾನು ಅಳಲಿಲ್ಲ, ಎಮ್ಮೆಯನ್ನು ಬೇಕಾದರೆ ಕೇಳು.

ಎಲ್ಲ ಪಂಕ್ತಿಗೂ ಇದು ಸಾಲದು. ಅಕ್ಕಪಕ್ಕದ ಮನೆಗಳ ಬೆಣ್ಣೆಯನ್ನೂ ಕೂಡಿಸುತ್ತಿದ್ದೇನೆ. ಅದೂ ನಿನ್ನ ಮಗಳ ಯಂತ್ರ ದಾಟಿಯೇ ಬರುತ್ತದೆ. ಮೊದಲ ಹೋಳಿಗೆಗೆ ತುಪ್ಪ ಬಡಿಸುವವನು ನಾನು. ವೀಳ್ಯದೆಲೆಯನ್ನು ಊಟವಾದ ಮೇಲೆ ಕೊಡುತ್ತೇವೆ.

ನಿನ್ನ ತಮ್ಮ