ಹನ್ನೊಂದನೇ ಕೈದಿ ನಮ್ಮಪ್ಪ

ಮಾರ್ಚ್ 2, ಸೋಮವಾರ

ಕಾರ್ಖಾನೆಯಿಂದ ಬಂದು ಕೈ ತೊಳೆದದ್ದೇ ತಡ, ಅಪ್ಪ ಮತ್ತೆ ಸಾಯಲು ಶುರು. ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು, ಮಂಡಿ ಮಡಚಿ ಎಡಕ್ಕೆ ಉರುಳುವುದು. ಏಳು ಸಲ ಸತ್ತ. ಎಂಟನೆಯದಕ್ಕೆ ಅಮ್ಮ ತಡೆಯಾಜ್ಞೆ ಹೊರಡಿಸಿದಳು. ಹಾಲಿನ ಪಾತ್ರೆ ಅಲ್ಲೇ ಇತ್ತು.

ಮುಂದಿನ ಪೀಳಿಗೆಯ ಅವಗಾಹನೆಗೆ: ನೂರು ವರ್ಷದ ಹಿಂದೆ ಸೇತುವೆಯ ಕಾಳಗದಲ್ಲಿ ನಮ್ಮೂರಿನವರು ಸೋತರು. ಸೆರೆಸಿಕ್ಕ ಹನ್ನೊಂದು ಜನರನ್ನು ಗಿರಣಿ ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಹನ್ನೊಂದನೆಯವನು ಅಪ್ಪನ ಅಜ್ಜ. ಪ್ರತಿವರ್ಷ ಊರವರೇ ವೇಷ ಹಾಕಿ ಅದನ್ನು ಮಾಡಿ ತೋರಿಸುತ್ತಾರೆ. ಅಜ್ಜನ ಪಾತ್ರಕ್ಕಾಗಿ ಅಪ್ಪ ಹನ್ನೆರಡು ವರ್ಷ ಕಾದ. ಈ ಸಲ ಸಿಕ್ಕಿದೆ.

ತೊಡಕು ಒಂದೇ. ಮೂವತ್ತು ವರ್ಷ ಬಾಯ್ಲರಿಗೆ ರಿವೆಟ್ ಹೊಡೆದು ಅಪ್ಪನ ಎರಡೂ ಕಿವಿ ಹೋಗಿವೆ. ತುಟಿ ನೋಡಿ ಮಾತು ತಿಳಿಯುತ್ತಾನೆ. ಕೈದಿಗಳ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಆಗ ಅದೂ ಇಲ್ಲ.

ಸಮಿತಿಯ ಮುಖ್ಯಸ್ಥರು, ರಿಟೈರ್ಡ್ ಹೆಡ್ಮಾಸ್ಟರು, ನನ್ನ ಕಡೆ ತಿರುಗಿ ಗಡ್ಡ ಕೆರೆದುಕೊಂಡರು. "ಅಲ್ಲಮ್ಮಾ, ಯಾವಾಗ ಸಾಯ್ಬೇಕು ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ?"

ಹತ್ತನೇ ಕೈದಿ ನಾನಾಗುತ್ತೇನೆ ಎಂದೆ. ಇಬ್ಬರ ಮಣಿಕಟ್ಟಿಗೂ ಒಂದೇ ಹಗ್ಗ. ಗುಂಡಿನ ಸದ್ದಾದರೆ ಎಳೆಯುತ್ತೇನೆ. ಹುಡುಗಿಯಾದ್ದರಿಂದ ಒಂದು ಮೀಸೆ ಮಂಜೂರಾಯಿತು.

ಮಾರ್ಚ್ 5

ರಿಹರ್ಸಲ್. ಬಂದೂಕಿನ ಮದ್ದು ಪ್ರದರ್ಶನದ ದಿನಕ್ಕೇ ಮೀಸಲು. ಹೆಡ್ಮಾಸ್ಟರು "ಫೈರ್" ಅಂದರೆ ಸೈನಿಕರು ಬಾಯಲ್ಲೇ ಢಂ ಅನ್ನುವುದು, ನಾವು ಬೀಳುವುದು.

ನನ್ನ ಕೈ ಸುಮ್ಮನಿರಬೇಕಲ್ಲ. ಅವರಿನ್ನೂ ಮರಣದಂಡನೆಯ ಆಜ್ಞೆ ಓದುತ್ತಿರುವಾಗಲೇ ಹಗ್ಗ ಎಳೆದೆ. ಅಪ್ಪ ಶಿಸ್ತಾಗಿ ಸತ್ತುಬಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಪ್ಪ ಮಾತ್ರ ಬಿದ್ದಲ್ಲೇ ಇದ್ದ. ಹೆಣ ಅಲುಗಬಾರದು ಎಂದು ಅವನಿಗೆ ಹೇಳಿದ್ದರು. ಕೊನೆಗೆ ಯಾರೋ ಹೋಗಿ ಎಬ್ಬಿಸಿದರು.

ಇನ್ನೊಂದು ಸಲ ಹೀಗಾದರೆ ಪಾತ್ರ ತಮ್ಮ ಬಾಮೈದನಿಗೆ ಎಂದರು ಹೆಡ್ಮಾಸ್ಟರು.

ಮನೆ ತಲುಪುವವರೆಗೂ ಅಪ್ಪ ನನ್ನ ತುಟಿ ನೋಡಲಿಲ್ಲ.

ಮಾರ್ಚ್ 9

ಇನ್ನೂ ನೋಡುತ್ತಿಲ್ಲ.

ಮಾರ್ಚ್ 14, ಸಂಜೆ 6

ದಾಖಲಾಗಲೇಬೇಕು.

ಕಾಳಗ ಚೆನ್ನಾಗಿ ನಡೆಯಿತು. ಪದ್ಧತಿಯಂತೆ ಸೋತೆವು. ಗೋಡೆಗೆ ನಿಲ್ಲಿಸಿದರು. ನನ್ನ ಕಣ್ಣಿನ ಬಟ್ಟೆ ಸಡಿಲ, ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು. ಹೆಡ್ಮಾಸ್ಟರು "ಫೈರ್" ಎಂದರು. ಬಂದೂಕುಗಳು ಟುಸ್ಸೆಂದವು. ಒಂದೂ ಹಾರಲಿಲ್ಲ. ಆದರೆ ಒಂಬತ್ತು ಕೈದಿಗಳು, ಅಭ್ಯಾಸಬಲ ನೋಡಿ, ದೊಪದೊಪನೆ ಸತ್ತುಬಿದ್ದರು.

ಜನ ಗೊಳ್ಳೆಂದರು. ಸದ್ದಾಗದೆ ನಾನು ಹಗ್ಗ ಎಳೆಯುವಂತಿಲ್ಲ. ನಿಂತೇ ಇದ್ದೆ. ತುಟಿ ಕಚ್ಚಿದೆ. ನಗು ಹೊಟ್ಟೆಯೊಳಗೇ ಕುದಿದು ಮೈಯೆಲ್ಲ ಗಡಗಡ, ಜೊತೆಗೆ ಹಗ್ಗವೂ. ಮೀಸೆ ಒಂದು ಕಡೆ ಕಿತ್ತುಬಂತು.

ಅಪ್ಪನ ಕೈ ತಡಕಾಡಿ ನನ್ನ ಬೆರಳು ಹಿಡಿಯಿತು. ಪಿಸುಗುಟ್ಟಿದ. ಕಿವಿ ಕೇಳದವನ ಪಿಸುಮಾತು... ಮೈದಾನದ ಆಚೆ ತುದಿಗೂ ಮುಟ್ಟಿತು.

"ಹೆದರ್ಬೇಡ ಮಗಾ. ನಾನಿದ್ದೀನಿ."

ನಗು ನಿಂತಿತು. ಮುಂದಿನ ಸಾಲಿನ ಮುದುಕರೊಬ್ಬರು ಟೋಪಿ ತೆಗೆದರು. ಸೈನಿಕರು ಮತ್ತೆ ಮದ್ದು ತುಂಬುವವರೆಗೆ, ನಾಲ್ಕು ನಿಮಿಷ, ಯಾರೂ ಕೆಮ್ಮಲಿಲ್ಲ. ಅಪ್ಪ ಎದೆ ಸೆಟೆಸಿ ನಿಂತಿದ್ದ. ಅವನಿಗೆ ಆ ನಗುವೂ ಗೊತ್ತಿಲ್ಲ, ಈ ಮೌನವೂ ಗೊತ್ತಿಲ್ಲ.

ಗುಂಡು ಹಾರಿತು. ಎಳೆದೆ. ಒಟ್ಟಿಗೇ ಬಿದ್ದೆವು. ಹೆಣ ಅಳಬಾರದು ಎಂಬ ನಿಯಮ ಎಲ್ಲೂ ಇಲ್ಲ, ವಿಚಾರಿಸಿದ್ದೇನೆ.

ಮಾರ್ಚ್ 15, ಭಾನುವಾರ

ಬೇಕರಿಯವನು ಅಪ್ಪನನ್ನು ಕಂಡು ಎದ್ದು ನಿಂತ. ಪಕ್ಕದಲ್ಲಿ ನಾನು, ಮಹಾರಾಜರ ಹೊಗಳುಭಟರಂತೆ. ಇವರು ನಮ್ಮಪ್ಪ ಎಂದೆ, ಇಪ್ಪತ್ತು ವರ್ಷದಿಂದ ಬಲ್ಲವನಿಗೆ.

ಹೆಡ್ಮಾಸ್ಟರು ಮನೆಗೇ ಬಂದರು. ಆ ಮಾತು ಮುಂದಿನ ವರ್ಷದಿಂದ ಸ್ಕ್ರಿಪ್ಟಿನಲ್ಲೇ ಇರುತ್ತದಂತೆ. ಪಾತ್ರ ಖಾಯಂ ಅಪ್ಪನಿಗೇ. ಬಾಮೈದನಿಗೆ ಕುದುರೆ ಹಿಡಿದುಕೊಳ್ಳುವ ಗೌರವ.

ಮಾತು ಯಾವುದೆಂದು ಅಪ್ಪನಿಗೆ ಹೊಳೆಯಲೇ ಇಲ್ಲ. ಊರೇ ಕೇಳಿತು ಎಂದಾಗ ಕಿವಿಯವರೆಗೂ ಕೆಂಪಾದ. ಅವರು ಹೋದ ಮೇಲೆ ಕೇಳಿದ: "ಅಷ್ಟೊಂದು ಯಾಕೆ ನಡುಗ್ತಿದ್ದೆ ಮಗಾ?"

ಅಮ್ಮ ಕರೆದಳೆಂದು ಸುಳ್ಳು ಹೇಳಿ ಇಲ್ಲಿ ಬಂದು ಬರೆಯುತ್ತಿದ್ದೇನೆ. ಊರಿಗೆ ಏನು ಬೇಕಾದರೂ ಹೇಳಬಹುದು. ಅಪ್ಪನಿಗೆ ಆಗದು. ಹಜಾರದಲ್ಲಿ ಕನ್ನಡಕ ಒರೆಸಿಕೊಂಡು ಕೂತಿದ್ದಾನೆ, ಉತ್ತರ ಸರಿಯಾಗಿ ಕಾಣಲಿ ಅಂತ. ಹೋಗುತ್ತೇನೆ. ಎದುರಿಗೆ ಕೂತು, ನಿಧಾನಕ್ಕೆ, ಒಂದೊಂದೇ ಅಕ್ಷರ... ಅಪ್ಪಾ, ಅದು ಹೆದರಿಕೆ ಅಲ್ಲ, ನಾನು...