ಆಯುಧಪೂಜೆಗೆ ಎದ್ದ ಸರ್ವರ್‌ಗಳು

೨೦-೧೦-೨೦೦೭, ಶನಿವಾರ. ಉಜಿರೆ

ಮುಖ ಇನ್ನೂ ಬಿಸಿ ಇದೆ.

ಆಯುಧಪೂಜೆಗೆಂದು ನನ್ನ ಹಿರಿಯ ಸಹೋದ್ಯೋಗಿ ಸುಧಾಕರಣ್ಣ ಬೆಳಿಗ್ಗೆಯೇ ಕಚೇರಿಯ ಹನ್ನೆರಡು ಸರ್ವರ್‌ಗಳನ್ನೂ ಆರಿಸಿ, ಗಂಧ ಹಚ್ಚಿ, ಸೇವಂತಿಗೆ ಸಿಕ್ಕಿಸಿದ್ದರು. ಸರಿಯಾಗಿ ಆರತಿ ಎತ್ತುವಾಗ ಹನ್ನೆರಡೂ ಒಟ್ಟಿಗೆ ಗುರ್ರೆಂದು ಎದ್ದವು. ಎಸಳುಗಳೆಲ್ಲ ಜಾಲರಿಗೆ ಅಂಟಿಕೊಂಡವು. "ಕರೆಂಟಿನ ಕಿತಾಪತಿ" ಎಂದರು ಯಾರೋ.

ಕರೆಂಟಲ್ಲ, ನಾನು. ಕಳೆದ ಶನಿವಾರ ಯಾಕೋ ಓಡದೆ ಉಳಿದಿದ್ದ ಅಪ್‌ಡೇಟನ್ನು, ಹೇಗೂ ರಜೆ ತಾನೆ ಎಂದು ಇವತ್ತು ಹನ್ನೊಂದಕ್ಕೆ ಇಟ್ಟಿದ್ದೆ. ಆರಿಸಿದ್ದನ್ನೂ ಎಬ್ಬಿಸುತ್ತದೆ ಈ ಹೊಸ ಸಾಫ್ಟ್‌ವೇರ್. ಮೊದಲಾದರೆ ಸಿ.ಡಿ. ಹಿಡಿದು ಒಂದೊಂದರ ಎದುರೂ ನಿಲ್ಲಬೇಕಿತ್ತು. ಹೂ ಕಂಡರೆ ಕೈ ತಾನಾಗಿ ನಿಲ್ಲುತ್ತಿತ್ತು.

ಸಂಜೆ ತಡೆಯಲಾಗದೆ ಹೇಳಿಬಿಟ್ಟೆ. ಸುಧಾಕರಣ್ಣ ಎಸಳು ಹೆಕ್ಕುತ್ತಲೇ ಇದ್ದರು.

"ಗೊತ್ತುಂಟು ಹಾರಿಸ್. ಹೋದ ವಾರ ನಿಮ್ಮ ರಂಜಾನ್ ಪೆರ್ನಾಲಿನ ದಿನವೇ ಇಟ್ಟಿದ್ದಿಯಲ್ಲ ಮಾರಾಯ, ಅದನ್ನು ನಾನೇ ತೆಗೆದದ್ದು. ಏನಾದರೂ ಕೆಟ್ಟರೆ ಹಬ್ಬದ ಊಟ ಬಿಟ್ಟು ನೀನೇ ಓಡಿ ಬರಬೇಕಲ್ಲ. ಇವತ್ತಿನದ್ದು ನೋಡಲಿಕ್ಕೆ ಪೂಜೆಯ ಗಡಿಬಿಡಿಯಲ್ಲಿ ಬಿಟ್ಟುಹೋಯಿತು."

ಇಡೀ ವಾರ ಸಾಫ್ಟ್‌ವೇರನ್ನು ಬೈದಿದ್ದೆ. ಯಾರು ತಡೆದರೆಂದು ಅದು ಆವತ್ತೇ ತನ್ನ ದಾಖಲೆಯಲ್ಲಿ ಬರೆದಿಟ್ಟಿತ್ತು. ನಾನು ತೆರೆದು ನೋಡಿರಲಿಲ್ಲ.