ಬೆಟ್ಟದ ಓಟದ ನಿರ್ದೇಶಕರಿಗೆ: ನಾನು ವ್ಯಾನು ಹತ್ತಲಿಲ್ಲ

ಸ್ಪರ್ಧಾ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಾನು ಮುಗಿಸಿದ ಓಟವನ್ನು ಅರ್ಧಕ್ಕೇ ಬಿಟ್ಟೆನೆಂದು ನೀವು ಊರಿಗೆಲ್ಲ ಸಾರಿದ್ದೀರಿ. ಸಾಲದೆಂಬಂತೆ, ಅದೇ ಸುಳ್ಳನ್ನು ಆಧಾರವಾಗಿಟ್ಟುಕೊಂಡು, ಮುಂದಿನ ವರ್ಷದಿಂದ ಅರವತ್ತು ದಾಟಿದವರು ಈ ಓಟಕ್ಕೆ ಬರಕೂಡದೆಂಬ ನಿಯಮವನ್ನೂ ಹೊರಡಿಸಿದ್ದೀರಿ. ನನಗೀಗ ಅರವತ್ನಾಲ್ಕು. ಖಾಸಗಿಯಾಗಿ ಮೂರು ಪತ್ರ ಬರೆದೆ. ಒಂದಕ್ಕೆ ಉತ್ತರ ಬಂತು, ಅದೂ ಉತ್ತರವಾಗಿರಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ. ಮೂವತ್ತಾರು ವರ್ಷ ಪಾಠ ಹೇಳಿದವಳು ನಾನು. ತಪ್ಪು ಮಾಡಿದವರನ್ನು ಎಷ್ಟೋ ಸಲ ಕ್ಷಮಿಸಿದ್ದೇನೆ. ತಮ್ಮ ತಪ್ಪನ್ನು ಪಕ್ಕದವರ ತಲೆಗೆ ಕಟ್ಟಿದವರನ್ನು ಒಮ್ಮೆಯೂ ಬಿಟ್ಟಿಲ್ಲ.

ನಡೆದದ್ದನ್ನು ತಿಳಿಯದ ಓದುಗರಿಗಾಗಿ ಹೇಳುತ್ತೇನೆ. ನಲವತ್ತೆರಡು ಕಿಲೋಮೀಟರ್, ಮೂರು ಬೆಟ್ಟ, ಬೆಳಿಗ್ಗೆ ಆರಕ್ಕೆ ಆರಂಭ, ಸಂಜೆ ನಾಲ್ಕಕ್ಕೆ ಗಡುವು. ಕಾಲುದಾರಿಯುದ್ದಕ್ಕೂ ಮರಕ್ಕೆ, ಪೊದೆಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ. ಕವಲುಗಳಲ್ಲಿ ಅದೊಂದೇ ಆಸರೆ. ಕೊನೆಯ ಓಟಗಾರರು ದಾಟಿದ ಮೇಲೆ ಇಬ್ಬರು ಹಿಂದಿನಿಂದ ಬಂದು ರಿಬ್ಬನ್ನುಗಳನ್ನು ಬಿಚ್ಚಿಕೊಂಡು ಹೋಗುವುದು ಪದ್ಧತಿ. ಬಹಳ ಒಳ್ಳೆಯ ಪದ್ಧತಿ. ಅದಕ್ಕೆ ಬೇಕಾದದ್ದು ಒಂದೇ, ಕೊನೆಯವರು ಯಾರೆಂಬ ತಿಳಿವಳಿಕೆ. ಅಂದು ಕೊನೆಯವಳು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇಪ್ಪತ್ತೇಳನೆಯ ಕಿಲೋಮೀಟರಿನಲ್ಲಿ, ನೀರು ಕೊಟ್ಟು ಸಂಖ್ಯೆ ಗುರುತಿಸಿಕೊಳ್ಳುವ ನಿಮ್ಮ ಮೂರನೆಯ ಠಾಣೆಯನ್ನು ಹನ್ನೊಂದು ಐವತ್ತಕ್ಕೆ ತಲುಪಿದೆ. ಅಲ್ಲಿಯ ಗಡುವಿಗೆ ಇನ್ನೂ ನಲವತ್ತು ನಿಮಿಷವಿತ್ತು. ಶೂ ಒಳಗೆ ಕಲ್ಲು ಸೇರಿತ್ತು. ಖಾಲಿ ಕುರ್ಚಿಯೊಂದರಲ್ಲಿ ಕುಳಿತು ಶೂ ಬಿಚ್ಚಿದೆ. ಇಷ್ಟೇ ನನ್ನ ಅಪರಾಧ. ಪಟ್ಟಿ ಹಿಡಿದಿದ್ದ ನಿಮ್ಮ ಕಾರ್ಯಕರ್ತರು, ಐವತ್ತರ ಆಸುಪಾಸಿನ ಗಂಭೀರ ವ್ಯಕ್ತಿ, ಕರುಣೆಯಿಂದ ಬಾಗಿದರು.

"ಸಾಕಲ್ವಾ ಅಜ್ಜಿ? ಇಷ್ಟು ದೂರ ಬಂದಿದ್ದೇ ದೊಡ್ಡದು. ವ್ಯಾನ್ ಬರುತ್ತೆ, ಆರಾಮಾಗಿ ಕೂತ್ಕೊಳ್ಳಿ."

"ಶೂನಲ್ಲಿ ಕಲ್ಲಿದೆ ಅಷ್ಟೇ ಕಣಪ್ಪ, ಕಾಲಲ್ಲಿ ಶಕ್ತಿ ಇದೆ. ಮತ್ತೆ, ನಿನಗೆ ನಾನು ಅಜ್ಜಿ ಅಲ್ಲ. ಹೆಚ್ಚು ಅಂದ್ರೆ ಅಕ್ಕ."

ಅವರು ನಕ್ಕರು. ನಗುತ್ತಲೇ ಪಟ್ಟಿಯಲ್ಲಿ ನನ್ನ ಸಂಖ್ಯೆಯ ಮೇಲೆ ಗೀಟೆಳೆದರು. ಆರು ನಿಮಿಷದ ಬಳಿಕ ನಾನು ಹೊರಟಾಗ ನೀರಿನ ಡ್ರಮ್ಮನ್ನು ಜೀಪಿಗೆ ಏರಿಸುತ್ತಿದ್ದರು. "ಹೋಗಿಬರ್ತೀನಿ" ಎಂದು ಕೂಗಿದೆ. ತಿರುಗಿ ನೋಡದೆ ಕೈ ಬೀಸಿದರು. ಓಟ ಬಿಟ್ಟವರನ್ನು ಒಯ್ಯುವ ವ್ಯಾನಿನ ಕಡೆ ನಾನು ಹೊರಟೆನೆಂದು ಭಾವಿಸಿದರಂತೆ! ನನ್ನ ಪಕ್ಕದ ಕುರ್ಚಿಯಲ್ಲಿ ಮೂವತ್ತರ ತರುಣನೊಬ್ಬ ಎರಡೂ ಶೂ ಬಿಚ್ಚಿ ಕಾಲು ಚಾಚಿ ಕುಳಿತಿದ್ದ. ಅವನನ್ನು ಯಾರೂ ಸಾಕೇ ಎಂದು ಕೇಳಲಿಲ್ಲ. ಅವನು ಕುಳಿತರೆ ವಿಶ್ರಾಂತಿ, ನಾನು ಕುಳಿತರೆ ರಾಜೀನಾಮೆ. ಈ ಶಾಸ್ತ್ರವನ್ನು ನಿಮ್ಮವರಿಗೆ ಕಲಿಸಿದ ಗುರುಗಳು ಯಾರು? ನೀವೇ ಏನು?

ಅವನು ಎದ್ದು ನನಗಿಂತ ಮುಂದೆ ಹೊರಟುಹೋಗಿದ್ದ. ಹಾಗಾಗಿ ಠಾಣೆಯಿಂದ ಫೋನು ಹೋಯಿತು: ಹಿಂದೆ ಯಾರೂ ಇಲ್ಲ. ರಿಬ್ಬನ್ ಬಿಚ್ಚುವ ಇಬ್ಬರೂ ಏರು ಹತ್ತುವ ಕಷ್ಟವೇಕೆಂದು ಜೀಪಿನಲ್ಲಿ ಬಳಸು ದಾರಿಯಿಂದ ನೆತ್ತಿಗೆ ಹೋದರು. ಆ ತರುಣ ದಾಟುತ್ತಲೇ ಅಲ್ಲಿಂದ ಮುಂದಕ್ಕೆ ಬಿಚ್ಚುತ್ತ ಇಳಿದರು. ನಾನು ಏದುಸಿರು ಬಿಡುತ್ತ ನೆತ್ತಿಗೆ ಬಂದಾಗ ದಾರಿ ಮೂರಾಗಿ ಕವಲೊಡೆದಿತ್ತು, ಒಂದರಲ್ಲೂ ಗುರುತಿಲ್ಲ. ಎಡದ್ದನ್ನು ಹಿಡಿದೆ. ಇಪ್ಪತ್ತು ನಿಮಿಷ ಇಳಿದ ಮೇಲೆ ಅದು ಕೊರಕಲಿನ ಅಂಚಿನಲ್ಲಿ ಮುಗಿಯಿತು. ಕೆಳಗೆ ಬರೀ ಬಂಡೆ. ಅಲ್ಲಿ ನನ್ನ ಕಾಲು ಜಾರಿದ್ದರೆ ಹುಡುಕಲು ಯಾರು ಬರುತ್ತಿದ್ದರು ಮಾನ್ಯರೇ? ನಿಮ್ಮ ಪಟ್ಟಿಯ ಪ್ರಕಾರ ನಾನು ಬೆಟ್ಟದಲ್ಲಿ ಇರಲೇ ಇಲ್ಲ. ಇಲ್ಲದವಳು ಬೀಳುವುದಾದರೂ ಹೇಗೆ?

ಮತ್ತೆ ಹತ್ತಿ ಬಂದು, ಬಂಡೆಯ ಮರೆಯಲ್ಲಿ ಮೊಬೈಲ್ ಗೋಪುರ ಕಂಡು ಅತ್ತ ಹೋದೆ. ಬೇಲಿಯೊಳಗೆ ಕಾವಲುಗಾರರೊಬ್ಬರು ಸ್ಟೂಲಿನ ಮೇಲೆ ಕುಳಿತಿದ್ದರು.

"ಇದೇನಮ್ಮಾ, ನಿಮ್ಮೋರು ರಿಬ್ಬನ್ ಸುತ್ಕೊಂಡು ಹೋಗಿ ಎಷ್ಟೊತ್ತಾಯ್ತು! ನಿಮ್ಮನ್ನ ಮರೆತು ಹೋದ್ರಾ?"

"ಮರೆತವರನ್ನ ನಾನು ಮರೆಯಲ್ಲ. ದಾರಿ ತೋರಿಸಪ್ಪಾ."

"ತೋರಿಸ್ತೀನಿ. ಮೊದಲು ಈ ಪುಸ್ತಕದಲ್ಲಿ ಸಹಿ ಹಾಕಿ. ಬೇಲಿ ಒಳಗೆ ಯಾರೇ ಬರ್ಲಿ, ಹೆಸರು ಟೈಮು ಬರೀಲೇಬೇಕು. ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬ್ರನ್ನೇ ಬಿಟ್ಟಿಲ್ಲ ನಾನು."

ಎರಡು ಗಂಟೆ ನಾಲ್ಕು ನಿಮಿಷ ಎಂದು ಬರೆದು ಸಹಿ ಹಾಕಿದೆ. ಅಂದು ಆ ಬೆಟ್ಟದ ಮೇಲೆ ಕೆಲಸವನ್ನು ಕೆಲಸದಂತೆ ಮಾಡಿದವರು ಅವರೊಬ್ಬರೇ. ನಿಮ್ಮ ಸಂಸ್ಥೆಯಲ್ಲಿ ಅವರಿಗೆ ಸ್ಥಾನವಿಲ್ಲದಿರುವುದು ಸಹಜವೇ.

ಅವರು ತೋರಿಸಿದ ದಾರಿ ಹಿಡಿದು, ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ ಓಟ ಮುಗಿಯುವ ಮೈದಾನ ತಲುಪಿದೆ. ಗಡುವಿಗೆ ಇನ್ನೂ ಹತ್ತೊಂಬತ್ತು ನಿಮಿಷ. ಗಾಳಿ ತುಂಬಿ ನಿಲ್ಲಿಸಿದ್ದ ಮುಕ್ತಾಯದ ಕಮಾನಿನ ಗಾಳಿ ತೆಗೆದು ಮಡಿಸುತ್ತಿದ್ದರು. ಸಮಯ ದಾಖಲಿಸುವ ಚಾಪೆ ಸುರುಳಿಯಾಗಿ ಒಬ್ಬರ ಹೆಗಲೇರಿತ್ತು. ಎದುರಿಗೆ ಬಂದವರು ನೀವೇ.

"ಮೇಡಂ, ಈ ಕಡೆ ಬರಬೇಡಿ, ಸಾಮಾನು ಎತ್ತಿಸ್ತಾ ಇದ್ದೀವಿ."

"ನಾನು ಓಟ ಮುಗಿಸ್ತಾ ಇದ್ದೀನಿ."

"ಯಾವ ಓಟ?"

ಎದೆಯ ಮೇಲಿನ ಸಂಖ್ಯೆ ತೋರಿಸಿದೆ. ನೀವು ಪಟ್ಟಿಯ ಮೇಲೆ ಬೆರಳಾಡಿಸಿ, "ನೀವು ವ್ಯಾನಲ್ಲಿ ಬಂದಿದ್ದೀರಲ್ಲ" ಎಂದಿರಿ. ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು ಎದುರಿಗೆ ನಿಂತವಳಿಗಿಂತ ನಿಮಗೆ ಆ ಕಾಗದ ಹೆಚ್ಚು ನಿಜವಾಗಿ ಕಂಡಿತು.

ಬೆಳಗಿನಿಂದ ಮೈದಾನದಲ್ಲೇ ನನಗಾಗಿ ಕಾದಿದ್ದ ನನ್ನ ಅಕ್ಕನಿಗೆ ಎಪ್ಪತ್ತು, ಮಂಡಿನೋವು. "ಮುಂದಿನ ವ್ಯಾನಲ್ಲಿ ಬರ್ತಾರೆ ಆಂಟಿ" ಎಂಬ ನಿಮ್ಮವರ ಮಾತು ನಂಬಿ ಮೂರು ವ್ಯಾನುಗಳ ಬಾಗಿಲಲ್ಲಿ ಇಣುಕಿದ್ದಳು. ಕೊನೆಯದೂ ಖಾಲಿ ಬಂದಾಗ ಚಾಲಕನ ತೋಳು ಹಿಡಿದುಕೊಂಡು ನನ್ನ ತಂಗಿಯೆಲ್ಲಿ ಎಂದು ಕೇಳಿದ್ದಳಂತೆ. ನನ್ನನ್ನು ಕಂಡಾಗ ಅವಳು ಅಳಲಿಲ್ಲ. "ನೀನು ಬದುಕಿದ್ದೀಯಲ್ಲ, ಸಾಕು. ಈಗ ಇವನು ಬದುಕ್ತಾನಾ ನೋಡೋಣ" ಎಂದು ನಿಮ್ಮತ್ತ ತಿರುಗಿದಳು. ನಾನೇ ಅವಳನ್ನು ತಡೆದೆ. ಆ ದಿನದ ಬಗ್ಗೆ ನನಗೆ ಪಶ್ಚಾತ್ತಾಪವಿರುವುದು ಅದೊಂದಕ್ಕೇ.

ಆಮೇಲೆ ಫಲಿತಾಂಶ ಬಂತು. ನನ್ನ ಸಂಖ್ಯೆಯ ಎದುರು, "ಸ್ವಇಚ್ಛೆಯಿಂದ ಹಿಂದೆ ಸರಿದಿದ್ದಾರೆ." ಪ್ರಶ್ನಿಸಿದ್ದಕ್ಕೆ ಹನ್ನೊಂದು ಸಾಲಿನ ಉತ್ತರ: ಗಮನಿಸಲಾಗಿದೆ, ಪರಿಶೀಲಿಸಲಾಗಿದೆ, ವಿಷಾದಿಸಲಾಗಿದೆ. ಗಮನಿಸಿದವರು ಯಾರು? ವಿಷಾದ ಯಾರದು? ಹನ್ನೊಂದು ಸಾಲುಗಳಲ್ಲಿ ಹುಡುಕಿದರೂ ಒಬ್ಬ ಮನುಷ್ಯನೂ ಸಿಗಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ, "ಹಿರಿಯರ ಸುರಕ್ಷತೆಯ ದೃಷ್ಟಿಯಿಂದ" ವಯೋಮಿತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಗೀಟೆಳೆದವರು ಐವತ್ತರವರು, ರಿಬ್ಬನ್ ಕಿತ್ತವರು ಇನ್ನೂ ಚಿಕ್ಕವರು, ಚಾಪೆ ಸುತ್ತಿಸಿದ ನೀವು ನಲವತ್ತರವರು. ಅಂದು ತನ್ನ ಪಾಲಿನದನ್ನು ನೆಟ್ಟಗೆ ಮುಗಿಸಿದವಳಿಗೆ ಅರವತ್ನಾಲ್ಕು. ವಯೋಮಿತಿ ಬೇಕಾದದ್ದು ಓಡುವವರಿಗೋ, ಓಡಿಸುವವರಿಗೋ?

ಆ ಬೆಟ್ಟಗಳಲ್ಲಿ ಓಟ ನಡೆಸಲು ನಿಮಗಿರುವ ಪರವಾನಗಿ ನವೀಕರಣಕ್ಕೆ ಬಂದಿದೆಯೆಂದೂ, ಮುಂದಿನ ತಿಂಗಳ ಒಂಬತ್ತರಂದು ಸಾರ್ವಜನಿಕ ಸಭೆಯೆಂದೂ ಸೂಚನಾ ಫಲಕದಲ್ಲಿ ಓದಿದೆ. ಆಕ್ಷೇಪಣೆ ಸಲ್ಲಿಸುವವರ ಸಾಲಿನಲ್ಲಿ ಮೊದಲನೆಯವಳು ನಾನು. ಗೋಪುರದ ಪುಸ್ತಕದ ಪುಟದ ಪ್ರತಿ ನನ್ನ ಬಳಿಯಿದೆ. ಕಾವಲುಗಾರರು ರಜೆ ಹಾಕಿ ಬರಲು ಒಪ್ಪಿದ್ದಾರೆ. ಅಕ್ಕನೂ ಬರುತ್ತಾಳೆ. ಈ ಸಲ ನಾನು ಅವಳನ್ನು ತಡೆಯುವುದಿಲ್ಲ.

ಬೇಡವೆನ್ನುವಿರಾದರೆ ಎಂಟನೆಯ ತಾರೀಖಿನೊಳಗೆ ನನ್ನ ಹೆಸರಿನ ಮುಂದೆ ಒಂಬತ್ತು ಗಂಟೆ ನಲವತ್ತೊಂದು ನಿಮಿಷ ಎಂದು ನಮೂದಿಸಿ, ವಯೋಮಿತಿಯನ್ನು ರದ್ದು ಮಾಡಿ, "ನಾನು ತಪ್ಪು ಮಾಡಿದೆ" ಎಂಬ ಮೂರು ಪದಗಳನ್ನು ನಿಮ್ಮ ಹೆಸರಿನೊಂದಿಗೆ ಪ್ರಕಟಿಸಿ. ಇಲ್ಲವಾದರೆ ಒಂಬತ್ತರಂದು ಈ ಪತ್ರವನ್ನು ಸಭೆಯಲ್ಲಿ ನಿಂತು ಓದುತ್ತೇನೆ. ಧ್ವನಿವರ್ಧಕ ಬೇಕಿಲ್ಲ, ಕೊನೆಯ ಬೆಂಚಿಗೆ ಕೇಳಿಸುವುದು ನನಗೆ ಅಭ್ಯಾಸ. ನೀವು ಮೊದಲ ಸಾಲಿನಲ್ಲಿ ಕುಳಿತು ಕೇಳಿ. ನಾನು ಮುಗಿಸುವವರೆಗೆ ಎದ್ದು ಹೋಗಲು ಅಪ್ಪಣೆಯಿಲ್ಲ.

ಇಂತಿ,
ಸೇಡು ಒಳ್ಳೆಯದಲ್ಲವೆಂದು ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿಕೊಟ್ಟ
ನಿವೃತ್ತ ಶಾಲಾ ಶಿಕ್ಷಕಿ